ಉಪಕಾರದ ಅಳತೆ ಪುಸ್ತಕ

ನನ್ನ ಹೊಲಿಗೆ ಮಿಷಿನ್ನಿನ ಡ್ರಾಯರಿನಲ್ಲಿ ಎರಡು ಪುಸ್ತಕಗಳಿವೆ. ಒಂದು ಗಿರಾಕಿಗಳದು. ಹೆಸರು, ಎದೆ, ಸೊಂಟ, ತೋಳು, ಮುಂಗಡ ಎಷ್ಟು, ಕೊಡುವ ತಾರೀಕು ಯಾವುದು. ಇನ್ನೊಂದು, ದೇವರಿಂದಲೂ ಜನರಿಂದಲೂ ನನಗೆ ಸಿಕ್ಕಿದ್ದರದು. ಅದರಲ್ಲೂ ಹೆಸರಿದೆ, ತಾರೀಕಿದೆ.

ನಾನು ಕಾರ್ಕಳ ಕಡೆಯವಳು. ಮನೆಮಾತು ಕೊಂಕಣಿ, ಓದು ಬರಹ ಕನ್ನಡ. 34 ವರ್ಷದಿಂದ ಮುಂಬಯಿಯ ಕಲೀನಾದಲ್ಲಿ ಬ್ಲೌಸು, ಮದುವೆ ಗೌನು, ಮಕ್ಕಳು ಮೊದಲ ಸಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವಾಗ ತೊಡುವ ಬಿಳಿ ಫ್ರಾಕು ಹೊಲಿಯುತ್ತಿದ್ದೇನೆ. ಎರಡನೆಯ ಪುಸ್ತಕ ಶುರುವಾದದ್ದು ಒಂದು ತಪ್ಪಿನಿಂದ. ಮಗನಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದ ರಾತ್ರಿ, ಪಕ್ಕದ ಖೋಲಿಯಲ್ಲಿ (ಕೋಣೆಯಲ್ಲಿ) ಇರುವ, ನಾವು ಆಯಿ ಎಂದು ಕರೆಯುವ ಹಿರಿಯಮ್ಮನ ಮಗ ಎರಡು ಗಂಟೆಗೆ ಆಸ್ಪತ್ರೆಗೆ ಬಂದು ರಕ್ತ ಕೊಟ್ಟ. ಮಗ ಗುಣವಾಗಿ ಮನೆಗೆ ಬಂದ. ನಾನು ಬಾಂದ್ರಾದ ಬೆಟ್ಟದ ಮೇಲಿರುವ ಮೌಂಟ್ ಮೇರಿ ಇಗರ್ಜಿಗೆ (ಚರ್ಚಿಗೆ) ಹೋಗಿ ಮೇಣದ ಮಗುವಿನ ಆಕೃತಿ ಅರ್ಪಿಸಿ, ಕಣ್ಣೀರು ಹಾಕಿ ಬಂದೆ. ಆ ಹುಡುಗನ ಮನೆಗೆ ಮಾತ್ರ ಹೋಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಆಯಿ ಕಣ್ಣಿನ ಪೊರೆ ತೆಗೆಸಲು ಒಬ್ಬಳೇ ರಿಕ್ಷಾ ಹತ್ತುವುದನ್ನು ಕಿಟಕಿಯಿಂದ ನೋಡಿದೆ. ಮಗ ಡ್ಯೂಟಿಯಲ್ಲಿದ್ದನಂತೆ. ಅವತ್ತು ಸೂಜಿಗೆ ದಾರ ಪೋಣಿಸಲು ನನ್ನ ಕೈ ಏಳಲಿಲ್ಲ.

ಬೈಬಲಿನಲ್ಲಿ ಲೂಕನ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುವಿನಿಂದ ಗುಣವಾಗುತ್ತಾರೆ, ವಂದನೆ ಹೇಳಲು ತಿರುಗಿ ಬರುವವನು ಒಬ್ಬನೇ, ಅದೂ ಯೆಹೂದ್ಯರು ಹೊರಗಿನವನೆಂದು ದೂರವಿಡುತ್ತಿದ್ದ ಸಮಾರ್ಯದವನು. ನಾನು ಆ ಒಬ್ಬನ ಸಾಲಿನವಳು ಅಂದುಕೊಂಡಿದ್ದೆ. ಬೆಟ್ಟ ಹತ್ತಿ ಮೇಣ ಅರ್ಪಿಸಿದ್ದೆನಲ್ಲ! ಆದರೆ ಯಾರ ಕೈಯಿಂದ ದೇವರು ಕೊಟ್ಟನೋ ಆ ಕೈಯನ್ನೇ ಮರೆತಿದ್ದೆ.

ನೀವೂ ಇಂಥ ಪುಸ್ತಕ ಇಡುವುದಾದರೆ ಹೀಗೆ ಮಾಡಿ. ರಾತ್ರಿ ತೇರ್ಸ (ಜಪಮಾಲೆ ಪ್ರಾರ್ಥನೆ) ಮುಗಿದು ಮಕ್ಕಳು ಹಿರಿಯರ ಬೆಸಾಂವ್ (ಆಶೀರ್ವಾದ) ಪಡೆದ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಲೊಯೋಲದ ಸಂತ ಇಗ್ನೇಷಿಯಸರು ಕಲಿಸಿದ ಆತ್ಮಶೋಧನೆಗೆ ಐದು ಹೆಜ್ಜೆ: ಪಡೆದ ಉಪಕಾರಗಳಿಗೆ ವಂದನೆ, ಪಾಪಗಳನ್ನು ಕಂಡು ಬಿಡಲು ಕೃಪೆ ಬೇಡುವುದು, ದಿನದ ಲೆಕ್ಕ ನೋಡುವುದು, ಕ್ಷಮೆ ಕೇಳುವುದು, ತಿದ್ದಿಕೊಳ್ಳುವ ನಿರ್ಧಾರ. ಈ ಕ್ರಮ ಬದಲಿಸಬೇಡಿ. ನಾನು ಎಷ್ಟೋ ವರ್ಷ ತಪ್ಪಿನಿಂದಲೇ ಶುರು ಮಾಡುತ್ತಿದ್ದೆ, ಮನಸ್ಸು ಕುಗ್ಗಿ ಅಲ್ಲಿಗೇ ನಿಲ್ಲುತ್ತಿತ್ತು. ಮೊದಲು ಸಿಕ್ಕಿದ್ದನ್ನು ನೆನೆದರೆ ತಪ್ಪನ್ನು ನೋಡುವ ಧೈರ್ಯ ತಾನಾಗಿ ಬರುತ್ತದೆ.

ಬರೆಯುವಾಗ ‘ಆರೋಗ್ಯ ಕೊಟ್ಟೆ, ಅನ್ನ ಕೊಟ್ಟೆ’ ಎಂದು ಬರೆಯಬೇಡಿ. ಅಳತೆ ಇಲ್ಲದೆ ಬ್ಲೌಸ್ ಹೊಲಿದ ಹಾಗಾಗುತ್ತದೆ. ‘ಲೋಕಲ್ಲಿನಲ್ಲಿ ಕುರ್ಲಾದಿಂದ ಒಬ್ಬ ಹುಡುಗಿ ಎದ್ದು ಸೀಟು ಕೊಟ್ಟಳು’ ಎಂದು ಬರೆಯಿರಿ. ಅದರ ಎದುರಿಗೆ, ಯಾರಿಗೆ ಏನು ಮಾಡುತ್ತೇನೆ, ಯಾವ ತಾರೀಕಿನೊಳಗೆ ಎಂದು ಬರೆಯಿರಿ. ಆಯಿಯ ಹೆಸರಿನ ಎದುರು ನಾನು ಬರೆದದ್ದು: ಎರಡನೇ ಕಣ್ಣಿನ ಆಪರೇಷನ್ನಿಗೆ ನಾನೇ ಜೊತೆ ಹೋಗುವುದು. ಹೋದೆ. ಈಗ ಪ್ರತಿ ಸಲದ ತಪಾಸಣೆಗೂ ನಾನೇ. ಸೀಟು ಕೊಟ್ಟ ಹುಡುಗಿ ಮತ್ತೆ ಸಿಗುವುದಿಲ್ಲ, ಅಂಥದ್ದನ್ನು ಬೇರೆ ಯಾರಿಗಾದರೂ ಸಲ್ಲಿಸಿದರಾಯಿತು.

ಇದು ದೇವರ ಸಾಲ ತೀರಿಸುವ ಲೆಕ್ಕ ಎಂದು ಮಾತ್ರ ತಿಳಿಯಬೇಡಿ. ಅದು ತೀರುವಂಥದ್ದಲ್ಲ. ಬೈಬಲಿನ 116ನೆಯ ಕೀರ್ತನೆಯಲ್ಲಿ ‘ಸರ್ವೇಶ್ವರನ ಉಪಕಾರಗಳಿಗೆ ನಾನೇನು ಬದಲು ಕೊಡಲಿ’ ಎಂದು ಕೇಳಿಕೊಂಡವನು, ರಕ್ಷಣೆಯ ಪಾತ್ರೆಯನ್ನು ಎತ್ತುತ್ತೇನೆ ಎನ್ನುತ್ತಾನೆ. ಅವನಿಗೂ ಮತ್ತೆ ಸ್ವೀಕರಿಸುವುದೇ ಮೊದಲ ಉತ್ತರ. ಪರಮಪ್ರಸಾದಕ್ಕಿರುವ ‘ಯೂಕರಿಸ್ಟ್’ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೇ ಕೃತಜ್ಞತಾಸ್ತುತಿ. ಆದ್ದರಿಂದ ಭಾನುವಾರ ಪೂಜೆಗೆ ಬರಿಗೈಯಲ್ಲಿ ಹೋಗಬೇಡಿ. ವಾರದ ಪುಟಗಳಿಂದ ಒಂದು ಸಾಲು ಆರಿಸಿಕೊಳ್ಳಿ. ರೊಟ್ಟಿ, ದ್ರಾಕ್ಷಾರಸ ಪೀಠಕ್ಕೆ ಹೋಗುವಾಗ ಆ ಹೆಸರನ್ನೂ ಮನಸ್ಸಿನಲ್ಲಿ ಜೊತೆಗಿಡಿ.

ಇನ್ನು ನನಗೆ ಬಹಳ ಕಷ್ಟವಾದ ಪಾಠ. ಗಿರಾಕಿಗಳ ಬಟ್ಟೆಯಲ್ಲಿ ಕಾಲು ಮೀಟರು, ಅರ್ಧ ಮೀಟರು ಉಳಿಯುತ್ತದೆ. ಅದನ್ನು ಕೂಡಿಟ್ಟು ಕೈಚೀಲ ಹೊಲಿದು, ಇಗರ್ಜಿಯ ಫೇರಿನಲ್ಲಿ ಮಾರಿ, ಹಣವನ್ನು ಬಡವರಿಗೆ ಕೊಡುತ್ತಿದ್ದೆ. ಜನ ಹೊಗಳುತ್ತಿದ್ದರು. ಒಮ್ಮೆ ಪಾಪನಿವೇದನೆಯಲ್ಲಿ ಬೇರೇನೋ ಹೇಳುವಾಗ ಇದೂ ಬಾಯಿಗೆ ಬಂತು. ಗುರುಗಳು ಮೆಲ್ಲಗೆ ಕೇಳಿದರು: ‘ಆ ಬಟ್ಟೆ ಯಾರದು?’ ಅಷ್ಟೇ. ಮಾರನೆಯ ದಿನದಿಂದ ಉಳಿದ ತುಂಡನ್ನು ಮಡಚಿ ಬ್ಲೌಸಿನ ಜೊತೆಗೇ ಕೊಡುತ್ತಿದ್ದೇನೆ. ‘ನೀವೇ ಇಟ್ಟುಕೊಳ್ಳಿ’ ಎಂದವರದ್ದು ಮಾತ್ರ ಚೀಲವಾಗುತ್ತದೆ. ಚೀಲಗಳು ಕಡಿಮೆಯಾದವು, ನಿದ್ದೆ ಚೆನ್ನಾಯಿತು.

ಆದ್ದರಿಂದ ಕೃತಜ್ಞತೆಯ ಕಾಣಿಕೆ ಕೊಡುವ ಮೊದಲು, ನಿಮ್ಮ ಹತ್ತಿರ ಬೇರೆಯವರದ್ದು ಏನಾದರೂ ಉಳಿದಿದೆಯೇ ನೋಡಿ. ಕೆಲಸದವಳ ಸಂಬಳ, ಅಂಗಡಿಯ ಉದ್ರಿ, ಅಣ್ಣತಮ್ಮಂದಿರ ಪಾಲು. ಬೈಬಲಿನ ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ. ನನ್ನಲ್ಲಿ ಹುಕ್ಕು, ಕಾಜ ಹಾಕುವ ಹುಡುಗಿಗೆ ಶನಿವಾರ ಸಂಜೆ ದೀಪ ಹಚ್ಚುವ ಮೊದಲು ಹಣ ಕೊಡುತ್ತೇನೆ. ಗಿರಾಕಿ ಕೊಟ್ಟಿರಲಿ, ಬಿಟ್ಟಿರಲಿ.

ಹಣದ ವಿಷಯ ಹೆಚ್ಚು ಹೇಳುವುದಿಲ್ಲ. ಕಥೋಲಿಕ ಧರ್ಮಸಭೆಯ ಐದು ಕಟ್ಟಳೆಗಳಲ್ಲಿ ಸಭೆಯ ಅಗತ್ಯಗಳಿಗೆ ನೆರವಾಗುವುದೂ ಒಂದು, ಅದೂ ಅವರವರ ಶಕ್ತ್ಯಾನುಸಾರ. ತಿಂಗಳ ಮೊದಲ ಗಿರಾಕಿ ಕೊಟ್ಟ ಹಣದಿಂದಲೇ ತೆಗೆದು ಡಬ್ಬಿಗೆ ಹಾಕಿ. ತಿಂಗಳ ಕೊನೆಗೆ ಉಳಿದರೆ ಕೊಡೋಣ ಎಂದರೆ ಉಳಿಯುವುದಿಲ್ಲ.

ಹಣಕ್ಕಿಂತ ಸಮಯ ಕೊಡುವುದು ಕಷ್ಟ. ನಿಮ್ಮ ಇಗರ್ಜಿಯಲ್ಲಿ, ಬಡವರ ಮನೆಗೇ ಹೋಗಿ ನೆರವಾಗುವ ಸೇಂಟ್ ವಿನ್ಸೆಂಟ್ ಡಿ ಪೌಲ್ ಸೊಸೈಟಿ ಇದ್ದರೆ ಒಂದು ದಿನ ಅವರ ಜೊತೆ ಮನೆಭೇಟಿಗೆ ಹೋಗಿ. 1833ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಶುರು ಮಾಡಿದಾಗ ಫ್ರೆಡ್ರಿಕ್ ಓಜಾನಮ್‌ಗೆ 20 ವರ್ಷ, ಕಾಲೇಜು ಹುಡುಗ. ಹೋಗುವುದು ಇಬ್ಬಿಬ್ಬರಾಗಿ. ಅವರ ಮನೆಯಲ್ಲಿ ಕೂತುಕೊಳ್ಳಿ, ಕೊಟ್ಟ ನೀರು ಕುಡಿಯಿರಿ, ಉಪದೇಶ ಬೇಡ. ಕಂಡದ್ದನ್ನು ಹೊರಗೆ ಯಾರಿಗೂ ಹೇಳಬೇಡಿ.

ಸೆಪ್ಟೆಂಬರ್ 8, ಮರಿಯಮ್ಮನ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಮೊಂತಿ ಹಬ್ಬ, ನನ್ನ ಪುಸ್ತಕಕ್ಕೆ ಹೊಸ ವರ್ಷ. ನಾನು ಮುಂಬಯಿಗೆ ಬಂದ ಹೊಸದರಲ್ಲಿ ಅಮ್ಮ ಊರಿನಲ್ಲಿ ಆಶೀರ್ವಾದವಾದ ತೆನೆಯ ನಾಲ್ಕಾರು ಭತ್ತದ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದಳು. ಅದನ್ನು ಸುಲಿದು, ಪುಡಿ ಮಾಡಿ, ಪಾಯಸಕ್ಕೆ ಬೆರೆಸಿ ಎಲ್ಲರೂ ಒಂದೊಂದು ಚಮಚ ತಿನ್ನುತ್ತಿದ್ದೆವು. ಈಗ ಇಲ್ಲೇ ಇಗರ್ಜಿಯಲ್ಲಿ ತೆನೆ ಸಿಗುತ್ತದೆ. ನೀವು ತೆನೆ ತರುವಾಗ ಎರಡು ತನ್ನಿ. ಒಂದು ಮನೆಗೆ. ಇನ್ನೊಂದನ್ನು, ಹಾಸಿಗೆ ಹಿಡಿದು ಇಗರ್ಜಿಗೆ ಬರಲಾಗದವರಿಗೆ ಅದೇ ದಿನ ಮುಟ್ಟಿಸಿ. ಆ ಮಧ್ಯಾಹ್ನ ಹಳೆಯ ಪುಟಗಳನ್ನು ತಿರುವಿ, ತಾರೀಕು ದಾಟಿದ ಸಾಲುಗಳಿಗೆ ಗೆರೆ ಹಾಕಿ ಹೊಸ ತಾರೀಕು ಬರೆಯಿರಿ. ನನ್ನದರಲ್ಲಿ ಈ ಸಲ ಮೂರು ಉಳಿದಿವೆ. ಅವುಗಳಲ್ಲಿ ಒಂದು ಊರಿನಲ್ಲಿರುವ ಅಕ್ಕನಿಗೆ ಬರೆಯಬೇಕಾದ ಪತ್ರ.