ಗಡಿನಾಡಿನ ಸಾಕ್ಷ್ಯಚಿತ್ರ ಮತ್ತು ಕೃತಿಸ್ವಾಮ್ಯ
ಕಾಸರಗೋಡಿನ ಕವಿಗಳನ್ನು ಕುರಿತು ಸಾಕ್ಷ್ಯಚಿತ್ರ ಮಾಡುವವರು ಮೊದಲು ಕವಿ ತೀರಿಕೊಂಡ ವರ್ಷವನ್ನು ನೋಡಬೇಕು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ನಿಧನರಾದುದರಿಂದ, ಮರಣಾನಂತರದ 60 ವರ್ಷಗಳ ಕೃತಿಸ್ವಾಮ್ಯದ ಅವಧಿ ಮುಗಿದು, ಅವರ ಜೀವಿತಕಾಲದಲ್ಲೇ ಅಚ್ಚಾದ ಕವಿತೆಗಳು 2024ರ ಜನವರಿ 1ರಿಂದ ಮುಕ್ತವಾಗಿವೆ. 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆಗಳಿಗೆ ಮಾತ್ರ 2075ರ ಕೊನೆಯವರೆಗೂ ಹಕ್ಕುದಾರರ ಲಿಖಿತ ಅನುಮತಿ ಬೇಕಾಗುತ್ತದೆ.

ವಿಮರ್ಶೆಗಾಗಿ ಕೆಲವು ಸಾಲುಗಳನ್ನು ಉದ್ಧರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಆ ಸಾಲುಗಳ ಬಗ್ಗೆ ಚಿತ್ರದಲ್ಲಿ ನಿಜವಾದ ಚರ್ಚೆಯಿರಬೇಕು. ಬರಿಯ ಅಂದಕ್ಕಾಗಿ ಹಿನ್ನೆಲೆಯಲ್ಲಿ ಓದಿಸಿದರೆ ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಯಕ್ಷಗಾನ ಬಯಲಾಟವನ್ನು ಚಿತ್ರೀಕರಿಸುವಾಗ ಹೆಚ್ಚಿನವರು ಎಡವುತ್ತಾರೆ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗ ಎಷ್ಟೇ ಹಳೆಯದಾದರೂ, ಆ ರಾತ್ರಿ ಪದ ಹಾಡಿದ ಭಾಗವತರಿಗೂ ಅರ್ಥ ಹೇಳಿದ ವೇಷಧಾರಿಗಳಿಗೂ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ಆದ್ದರಿಂದ ಮೇಳದ ಯಜಮಾನರ ಬಾಯಿಮಾತಿಗೆ ತೃಪ್ತರಾಗದೆ, ಬಣ್ಣ ಹಚ್ಚುವ ಮೊದಲೇ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಪ್ರತಿಯೊಬ್ಬ ಕಲಾವಿದರ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು.