ಹಳೇ ಟ್ರಸ್ ಬ್ರಿಜ್ ಉಳಸೂ ಕೆಲಸ: ವೆಲ್ಡಿಂಗ್ ಯಾಕ ಬ್ಯಾಡಂದ್ವಿ

ನಾ ಕಲಬುರಗಿದಾಗ ಸ್ಟ್ರಕ್ಚರಲ್ ಕೆಲಸ ಮಾಡಾಂವ, ಹೆಚ್ಚಿಂದು ಗೋಡೌನ್ ಶೆಡ್ಡು, ದಾಲ್ ಮಿಲ್ಲಿನ ಛತ್ತು ಇಂಥಾವೇ. ಯಾದಗಿರಿ ಕಡಿ ಒಂದು ಹಳೇ ಉಕ್ಕಿನ ಬ್ರಿಜ್ ರಿಪೇರಿಗಿ ಬಂದಾಗ ಕಂಡಕಂಡವರೆಲ್ಲಾ ಹೇಳಿದ್ದು ಒಂದೇ ಮಾತು, "ಜಂಗ್ ತಿಂದಲ್ಲಿ ಪ್ಲೇಟ್ ಇಟ್ಟು ವೆಲ್ಡಿಂಗ್ ಹೊಡೀರಿ ಸರ, ಮುಗೀತು." ನಾವು ಹೊಡೀಲಿಲ್ಲ.

ಮದಲ ಡಿಸೈನ್ ನೋಡ್ರಿ. ಟ್ರಸ್ ಅಂದ್ರ ಉಕ್ಕಿನ ಪಟ್ಟಿ ತ್ರಿಕೋನ ತ್ರಿಕೋನ ಜೋಡಿಸಿದ ಚೌಕಟ್ಟು. ಇದು ಪ್ರ್ಯಾಟ್ ಟ್ರಸ್, 1844ರಾಗ ಅಮೆರಿಕಾದ ಪ್ರ್ಯಾಟ್ ಅಪ್ಪ-ಮಗ ಪೇಟೆಂಟ್ ತಗೊಂಡಿದ್ದ ನಮೂನಿ. ತುದಿದು ಬಿಟ್ರ ಓರೆ ಪಟ್ಟಿ ಎಲ್ಲಾ ನಡುವಿನ ಕಡಿ ಇಳಕೊಂಡು ಬರ್ತಾವ, ಅವಕ್ಕ ಎಳೆತ, ಅದಕ್ಕೇ ತೆಳ್ಳಗ ಇರ್ತಾವ. ನಿಂತ ಕಂಬಕ್ಕ ಹೆಚ್ಚಾಗಿ ಒತ್ತಡ, ಬಾಗಬಾರದಂತ ಎರಡು ಚಾನೆಲ್ (ಪನ್ನಾಳಿಯಂಗ ಇರೂ ಉಕ್ಕಿನ ಪಟ್ಟಿ) ನಡುವ ಪಟ್ಟಿ ಹೆಣದು ಗಟ್ಟಿ ಮಾಡಿರ್ತಾರ. ಕಂಪ್ಯೂಟರ್ ಕಡಿ ಹೋಗೂಕಿಂತ ಮದಲ ಕಾಗದದ ಮ್ಯಾಲ ಒಂದೊಂದೇ ಜಾಯಿಂಟ್ ಬಿಡಿಸಿ ಲೆಕ್ಕಾ ಹಾಕ್ದೆ, ಆಮ್ಯಾಲ ಡಿಸೈನ್ ಲೆಕ್ಕಾ ಮಾಡೂ ಸಾಫ್ಟ್‌ವೇರ್ ಸ್ಟ್ಯಾಡ್‌ನ್ಯಾಗ ತಾಳೆ ನೋಡ್ದೆ, ಎರಡೂ ಬರೋಬರ್ ಕೂಡಿದ ಮ್ಯಾಲೇ ಯಾವ ಜಂಗಿಗಿ ಅಂಜಬೇಕು, ಯಾವುದು ಬರೇ ಹೊಲಸು ಕಾಣ್ತದ ಅನ್ನೂದು ಪಕ್ಕಾ ಆತು.

ಇನ್ನ ವೆಲ್ಡಿಂಗ್ ಸುದ್ದಿ. ಹಳೇ ಉಕ್ಕಿನ್ಯಾಗ ಗಂಧಕ, ರಂಜಕ ಜಾಸ್ತಿ ಇರೂದುಂಟು, ವೆಲ್ಡಿಂಗ್ ಕಾವಿಗಿ ಪಕ್ಕದಾಗೇ ಬಿರುಕು ಬಿಡ್ತದ. ಭಾರ ಕಮ್ಮಿ ಬೀಳೂ ಜಾಗಾದಿಂದ ಸಣ್ಣ ತುಂಡು ತೆಗೆದು ಲ್ಯಾಬಿಗಿ ಕಳಿಸಿದ್ವಿ, ಅನುಮಾನ ಖರೇ ಆತು. ಇನ್ನೊಂದು ಏನಂದ್ರ, ರಿವೆಟ್ (ಕಾಸಿ ಬಡದು ಎರಡೂ ಕಡಿ ತಲಿ ಮಾಡೂ ಉಕ್ಕಿನ ಮೊಳಿ) ಹಾಕಿ ಪ್ಲೇಟ್ ಮ್ಯಾಲ ಪ್ಲೇಟ್ ಜೋಡಿಸಿದ್ರಾಗ ಒಂದು ಪ್ಲೇಟ್ ಬಿರುಕು ಬಿಟ್ರ ಅದು ಅಲ್ಲೇ ನಿಲ್ತದ, ವೆಲ್ಡ್ ಮಾಡಿ ಎಲ್ಲಾ ಒಂದ್ಮಾಡಿದ್ರ ಬಿರುಕಿಗಿ ನಾವೇ ರಸ್ತಾ ಮಾಡಿ ಕೊಟ್ಟಂಗ.

ರಿವೆಟ್ ತಪಾಸಣಿಗಿ ದೊಡ್ಡ ಮಷೀನ್ ಬೇಕಿಲ್ಲ. ಒಂದು ಕಡಿ ಬೆರಳಿಟ್ಟು ಇನ್ನೊಂದು ಕಡಿಯಿಂದ ಸಣ್ಣ ಸುತ್ತಿಗಿಲೆ ಬಡದ್ರ ಸಡಲಾಗಿದ್ದು ಬೆರಳಿಗೇ ಗೊತ್ತಾಗ್ತದ, ಸುತ್ತ ಕೆಂಪು ಜಂಗಿನ ನೀರು ಇಳದಿದ್ರ ಇನ್ನೂ ಸಲೀಸು. ಕೆಂಪಗ ಕಾಸಿ ರಿವೆಟ್ ಹೊಡಿಯೋ ಮಿಸ್ತ್ರಿ ಈಗ ನಮ್ಮ ಕಡಿ ಸಿಗಲ್ಲ, ಹಂಗಾಗಿ ಹೈ ಟೆನ್ಸಿಲ್ (ಜೋರು ಎಳೆತ ತಡಿಯೋ) ಬೋಲ್ಟ್ ಹಾಕಿದ್ವಿ, ರಸ್ತೆ ಕಡಿ ದುಂಡು ತಲಿ ಬರೂ ಹಂಗ, ನೋಡಾವ್ರಿಗಿ ರಿವೆಟ್ಟೇ ಕಂಡಂಗ ಇರ್ಲಿ ಅಂತ. ಆದ್ರ ಒಂದು ರಿವೆಟ್ ತೆಗೀಬೇಕು, ತೂತು ಸಾಪ್ ಮಾಡಿ ಬೋಲ್ಟ್ ಬಿಗೀಬೇಕು, ಆಮ್ಯಾಲೇ ಮತ್ತೊಂದಕ್ಕ ಕೈ ಹಚ್ಚಬೇಕು. ಒಂದು ಜಾಯಿಂಟಿಂದು ಎಲ್ಲಾ ಒಮ್ಮೇ ಬಿಚ್ಚಿದ್ರ ಕತಿ ಮುಗೀತು.

ಖರೇ ತ್ರಾಸು ಕೊಟ್ಟಿದ್ದು ತುದಿಯಲ್ಲಿನ ರೋಲರ್, ಅಂದ್ರ ಕಾವಿಗಿ ಬ್ರಿಜ್ ಉದ್ದ-ಗಿಡ್ಡ ಆದಾಗ ಸರಿಲಿಕ್ಕ ಅಂತ ಕೆಳಗ ಇಟ್ಟ ಉರುಳಿ. 30 ಮೀಟರ್ ಸ್ಪ್ಯಾನಿಗಿ (ಎರಡು ಆಸರದ ನಡುವಿನ ಉದ್ದ) 35 ಡಿಗ್ರಿ ಫರಕ್ ಬಿದ್ರ ಉಕ್ಕು 12 ಮಿಲಿಮೀಟರ್ ಮ್ಯಾಲ ಉದ್ದ ಆಗ್ತದ, ನಮ್ಮ ಬ್ಯಾಸಿಗಿ ಬಿಸಿಲಿಗಿ ಅಷ್ಟು ಫರಕ್ ಏನ್ ದೊಡ್ಡದಲ್ಲ, ಅಲ್ಲಿ ನೋಡಿದ್ರ ಎರಿ ಮಣ್ಣು ಕೂತು ರೋಲರ್ ಹಂದಾಡ್ಲಾರದಂಗ ಆಗಿತ್ತು, ಆ ಜೋರೆಲ್ಲಾ ಕೆಳಗಿನ ಕಲ್ಲಿಗಿ ಹೋಗಿ ಕಲ್ಲು ಸೀಳಿತ್ತು. ಜ್ಯಾಕ್ ಕೊಟ್ಟು ಎತ್ತಿ, ತೊಳದು, ಗ್ರೀಸ್ ತುಂಬಿದ್ವಿ.

ಗುಟ್ಕಾ ಉಗುಳೋ ಮಂದಿಗಿ ಏನ್ ಹೇಳೂದು! ಕೋಲ್ಕತ್ತಾದ ಹೌರಾ ಬ್ರಿಜ್ಜಿಗೇ ಪಾನ್ ಉಗುಳು ಬಿದ್ದು ಉಕ್ಕು ಸವೀತಂತ ಫೈಬರ್ ಗ್ಲಾಸ್ ಹೊದಿಸ್ಯಾರ. ನಾವು ಕಟಕಟಿ ಒಳಗಿನ ಕಂಬದ ಬುಡಕ್ಕ ಎರಡು ಕೋಟ್ ಎಪಾಕ್ಸಿ ಬಣ್ಣ ಜಾಸ್ತಿ ಬಳದ್ವಿ.

ಹಳೇ ಬಣ್ಣದಾಗ ಸೀಸ ಇರ್ತದ, ಅದಕ್ಕ ಕೆರಿಯುವಾಗ ಮಾಸ್ಕ್ ಬೇಕು, ಕೆಳಗ ತಾಡಪತ್ರಿ ಬೇಕು, ಹೊಳಿಗಿ ಬೀಳಬಾರದು. ತಳದ ಕಾರ್ಡಿನ (ಟ್ರಸ್ಸಿನ ಕೆಳಗಿನ ಉದ್ದ ಪಟ್ಟಿ) ನೀರು ಹೋಗೂ ತೂತು ಪ್ರತಿ ವರ್ಷ ಮೃಗಶಿರಾ ಮಳಿಗಿ ಮದಲೇ ಬಿಡಿಸ್ಬೇಕಂತ ಊರಿನ ಒಬ್ಬರಿಗಿ ಕೂಲಿ ಮಾತಾಡಿ ಎಸ್ಟಿಮೇಟಿನ್ಯಾಗೇ ಬರೆಸಿಟ್ಟೀವಿ.