ಮನೆ ರೆಕಾರ್ಡಿಂಗ್‌ಗೆ ಎಂಥ ಕಂಪ್ಯೂಟರ್ ತಗೋಬೇಕು?

ನಾನು ತಬಲಾ ನುಡಿಸುವವನು. ಭಾವಗೀತೆ, ಭಜನೆಗಳನ್ನು ಮನೆಯ ಹಿಂದಿನ ಕೋಣೆಯಲ್ಲೇ ಒಂದೊಂದು ಟ್ರ್ಯಾಕ್ ಆಗಿ ರೆಕಾರ್ಡ್ ಮಾಡುತ್ತೇನೆ. ಮೊದಲ ಸಲ ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಅಂಗಡಿಯವರು "ರೆಕಾರ್ಡಿಂಗಾ? ಹಾಗಾದ್ರೆ ಗೇಮಿಂಗ್ ಮಾಡೆಲ್ಲೇ ತಗೊಳ್ಳಿ ಸಾರ್" ಅಂದರು. ತಗೊಂಡೆ. ಮನೆಗೆ ಬಂದು ತಂಬೂರಿ ರೆಕಾರ್ಡ್ ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿದರೆ ತಂತಿಗಳ ಹಿಂದೆ ಇನ್ನೊಂದು ಶ್ರುತಿ! ಲ್ಯಾಪ್‌ಟಾಪಿನ ಫ್ಯಾನು. ಅದೂ ನಮ್ಮ ಷಡ್ಜಕ್ಕೆ ಹೊಂದದ ಸದ್ದು.

ಅದಕ್ಕೇ ನಾನೀಗ ಮೊದಲು ನೋಡುವುದು ಫ್ಯಾನು. ಎಂ1 ಚಿಪ್ ಬಂದಾಗಿನಿಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ಹಾಡುವವರ ಪಕ್ಕದಲ್ಲೇ ಇಡಬಹುದು. ವಿಂಡೋಸ್ ಬೇಕಾದರೆ ಡೆಸ್ಕ್‌ಟಾಪ್ ತಗೊಂಡು ಡಬ್ಬವನ್ನು ಪಕ್ಕದ ಕೋಣೆಯಲ್ಲಿಡಿ. ಮೈಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆಯ (ಆಡಿಯೋ ಇಂಟರ್‌ಫೇಸ್) ಸಾಮಾನ್ಯ ಯುಎಸ್‌ಬಿ 2.0 ಕೇಬಲ್ 5 ಮೀಟರ್‌ವರೆಗೆ ನಡೆಯುತ್ತದೆ, ಬಾಗಿಲಾಚೆ ಇಡಲು ಅಷ್ಟು ಸಾಕು. ದುಬಾರಿ ಗ್ರಾಫಿಕ್ಸ್ ಕಾರ್ಡ್ ನಮ್ಮ ಕೆಲಸಕ್ಕೆ ಸುಮ್ನೆ ದಂಡ.

ಆ ದುಡ್ಡನ್ನು ರ‍್ಯಾಮ್‌ಗೆ ಹಾಕಿ. ಬರೀ ಮೈಕ್‌ನಲ್ಲಿ ಹಾಡು, ವಾದ್ಯ ಹಿಡಿಯುವುದಾದರೆ 8 ಜಿಬಿಯಲ್ಲೂ ಹೇಗೋ ನಡೆಯುತ್ತದೆ. ಕೀಬೋರ್ಡ್‌ನಿಂದ ಪಿಯಾನೊ, ವಯಲಿನ್ ಗುಂಪು ನುಡಿಸುವ ಸಾಫ್ಟ್‌ವೇರ್ ಹಾಕಿದಿರೋ, ಅದರ ಸ್ಯಾಂಪಲ್‌ಗಳೆಲ್ಲ (ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರಗಳು) ರ‍್ಯಾಮ್‌ಗೆ ಬಂದು ಕೂರುತ್ತವೆ. 16 ಬೇಕು. "ಮುಂದೆ ಹೆಚ್ಚು ಹಾಕಿಸಬಹುದಾ?" ಅಂತ ಕೊಳ್ಳುವಾಗಲೇ ಕೇಳಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಮ್ಯಾಕ್‌ಬುಕ್ ಏರ್‌ನಲ್ಲಂತೂ ಆಮೇಲೆ ಸೇರಿಸುವ ಮಾತೇ ಇಲ್ಲ.

ಡಿಸ್ಕ್ ಬಗ್ಗೆ ಜಾಸ್ತಿ ಹೆದರಬೇಡಿ. 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಒಂದು ಮೋನೊ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ತಬಲಾ, ಡಗ್ಗಾಕ್ಕೆ ಒಂದೊಂದು, ಹಾರ್ಮೋನಿಯಂ, ಕೊಳಲು, ತಂಬೂರಿ, ಹಾಡು ಎಲ್ಲ ಸೇರಿ 10 ಟ್ರ್ಯಾಕ್, 5 ನಿಮಿಷದ ಹಾಡು ಅಂದರೆ 430 ಎಂಬಿ. ಕೆಟ್ಟ ಟೇಕ್‌ಗಳನ್ನೆಲ್ಲ ಉಳಿಸಿಕೊಂಡರೂ ಎರಡು ಜಿಬಿ ಆದೀತು. 512 ಜಿಬಿ ಎಸ್‌ಎಸ್‌ಡಿ ಸಾಕು. ಬ್ಯಾಕಪ್‌ಗೆ ಒಂದು ಹೊರಗಿನ ಡಿಸ್ಕ್ ಇರಲಿ.

ಪ್ರೊಸೆಸರ್ ಐ5 ಅಥವಾ ರೈಜನ್ 5 ಇರಲಿ, ಮೂರ್ನಾಲ್ಕು ವರ್ಷದೊಳಗಿನದು. ಸೆಕೆಂಡ್ ಹ್ಯಾಂಡ್ ಆದರೆ ಇಂಟೆಲ್ 8ನೇ ಜನರೇಷನ್‌ಗಿಂತ ಹಳೆಯದು ಬೇಡ. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ವಿಂಡೋಸ್ 10ರ ಕಾಲ 2025ರ ಅಕ್ಟೋಬರ್‌ಗೆ ಮುಗಿಯಿತು.

ಇಷ್ಟಕ್ಕೂ ಪ್ರೊಸೆಸರ್ ಯಾಕೆ ಚುರುಕಾಗಿರಬೇಕು? ಕಂಪ್ಯೂಟರ್ ಸದ್ದನ್ನು ಚೂರು ಚೂರಾಗಿ ತುಂಬಿಕೊಂಡು ಕೆಲಸ ಮಾಡುತ್ತದೆ. ಆ ಚೂರಿಗೆ ಬಫರ್ ಅನ್ನುತ್ತಾರೆ. ಇಲ್ಲಿ ಸ್ಯಾಂಪಲ್ ಅಂದರೆ ಸದ್ದಿನ ಒಂದೊಂದು ಅಳತೆ, 48 ಕಿಲೋಹರ್ಟ್ಜ್ ಅಂದರೆ ಸೆಕೆಂಡಿಗೆ 48,000. ಬಫರ್ 128 ಸ್ಯಾಂಪಲ್ ಇಟ್ಟರೆ ಒಂದು ಚೂರು 2.7 ಮಿಲಿಸೆಕೆಂಡ್, 1024 ಇಟ್ಟರೆ 21. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು, ಅಲ್ಲಿಗೆ 42 ದಾಟಿತು. ದ್ರುತ್ ತೀನ್‌ತಾಲದಲ್ಲಿ ನಿಮಿಷಕ್ಕೆ 180 ಮಾತ್ರೆ, ಮಾತ್ರೆಗೆ ನಾಲ್ಕು ಬೋಲ್ (ತಬಲಾದ ಪೆಟ್ಟು) ಹಿಡಿಯಿರಿ. ಬೋಲಿಗೆ 83 ಮಿಲಿಸೆಕೆಂಡ್ ಸಿಗುತ್ತದೆ. ನನ್ನದೇ ಪೆಟ್ಟು ನನಗೆ ಅರ್ಧ ಬೋಲ್ ತಡವಾಗಿ ಕೇಳಿದರೆ ನುಡಿಸೋದು ಹೇಗೆ ಹೇಳಿ! ಚುರುಕಿಲ್ಲದ ಕಂಪ್ಯೂಟರ್‌ನಲ್ಲಿ ಬಫರ್ ಇಳಿಸಿದ ಕೂಡಲೇ ಪಟ್ ಪಟ್ ಅಂತ ಸದ್ದು ಒಡೆಯುತ್ತದೆ. ಆಡಿಯೋ ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಇದ್ದರೆ ಮೈಕ್‌ನ ಸದ್ದು ನೇರವಾಗಿ ಕಿವಿಗೆ ಬರುತ್ತದೆ, ನಿಜ. ಆದರೆ ಕೀಬೋರ್ಡ್ ನುಡಿಸುವವರಿಗೆ ಆ ದಾರಿ ಇಲ್ಲ, ಅವರ ಸ್ವರ ಹುಟ್ಟುವುದೇ ಕಂಪ್ಯೂಟರ್ ಒಳಗೆ.

ಹಾಗಾಗಿ ಪರಿಚಯದವರಿಂದ ಹಳೆಯದು ಕೊಳ್ಳುವುದಾದರೆ ಇಂಟರ್‌ಫೇಸ್, ಹೆಡ್‌ಫೋನ್ ಜೊತೆಗೆ ಒಯ್ಯಿರಿ. ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ (ವಿಂಡೋಸ್‌ನಲ್ಲಿ ಸದ್ದಿನ ತಡ ಕಡಿಮೆ ಮಾಡುವ ಸಾಫ್ಟ್‌ವೇರ್) ಹಾಕಿ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ 60 ದಿನ ದುಡ್ಡು ಕೊಡದೆ ಬಳಸಿ ನೋಡಬಹುದು. ಅದರಲ್ಲಿ 10 ಟ್ರ್ಯಾಕ್ ತೆರೆದು ಪ್ರತಿಯೊಂದಕ್ಕೂ ರಿವರ್ಬ್ (ಸದ್ದು ಗುಂಯ್‌ಗುಟ್ಟುವ ಎಫೆಕ್ಟ್) ಹಾಕಿ, ಬಫರ್ 128ಕ್ಕೆ ಇಳಿಸಿ, ಹತ್ತು ನಿಮಿಷ ಓಡಿಸಿ. ಸದ್ದು ಒಡೆದರೆ ವೈಫೈ ಆಫ್ ಮಾಡಿ ಇನ್ನೊಮ್ಮೆ ಕೇಳಿ. ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ.

ಅಲ್ಲೇ ಚಾರ್ಜರ್ ಕಿತ್ತು, ಹಾಕಿ ಕೂಡ ಕೇಳಿ. ಹಾಕಿದಾಗ ಮಾತ್ರ ಗುಂಯ್ ಅಂದರೆ ಅದು ಅರ್ತಿಂಗ್ ಅಥವಾ ಚಾರ್ಜರ್ ತೊಂದರೆ. ನಮ್ಮ ಹಳೇ ಮನೆಯ ಸಾಕೆಟ್‌ಗೆ ಮೂರು ತೂತಿದ್ದರೂ ಅರ್ತ್ ವೈರೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಬರುವವರೆಗೆ ಒಂದಿಡೀ ಭಜನೆಯನ್ನು ಬ್ಯಾಟರಿಯಲ್ಲೇ ಮುಗಿಸಿದೆ. ಬ್ಯಾಟರಿ ಎರಡು ಗಂಟೆಯಾದರೂ ಬರುತ್ತಾ ಅಂತಲೂ ನೋಡಿಕೊಳ್ಳಿ.